ಮೂತ್ರನಾಳದ ಕಲ್ಲಿಗೆ ಲೇಸರ್ ಆಪರೇಷನ್: ಕೈಕೆಲಸಕ್ಕೆ ಐದು ಸ್ಟಾರ್, ತಿಳಿಸಿ ಹೇಳುವುದಕ್ಕೆ ಎರಡು

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ದಾವಣಗೆರೆಯ ಒಂದು ಖಾಸಗಿ ಯುರಾಲಜಿ ಆಸ್ಪತ್ರೆ, ಅಷ್ಟು ಗೊತ್ತಾದರೆ ಸಾಕು. ಹೆಸರು ಹಾಕಿದರೆ ಡಾಕ್ಟರನ್ನು ದೂರಿದ ಹಾಗೆ ಕಾಣುತ್ತದೆ, ಅವರ ಕೈಕೆಲಸದ ಬಗ್ಗೆ ನನ್ನದು ಒಂದೇ ಒಂದು ತಕರಾರಿಲ್ಲ. ತಕರಾರು ಇರುವುದು ಆಪರೇಷನ್ ಮುಗಿಸಿ, ಬಿಲ್ ಕಟ್ಟಿಸಿಕೊಂಡು, ಒಳಗೆ ಒಂದು ಪೈಪ್ ಇಟ್ಟು, ಆ ಪೈಪಿನ ಬಗ್ಗೆ ಎರಡು ಮಾತು ಸರಿಯಾಗಿ ಹೇಳದೆ ಮನೆಗೆ ಕಳಿಸಿದ್ದರ ಬಗ್ಗೆ. ಇದು ಅದೊಂದೇ ಆಸ್ಪತ್ರೆಯ ಕಥೆಯೂ ಅಲ್ಲ, ನಮ್ಮ ಪರಿಚಯದಲ್ಲಿ ಕಲ್ಲು ತೆಗೆಸಿಕೊಂಡವರು ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹಾಗಾಗಿ ಇದನ್ನು ಆಸ್ಪತ್ರೆಯ ರಿವ್ಯೂ ಅಂತಾದರೂ ಓದಿ, ಚಿಕಿತ್ಸೆಯ ರಿವ್ಯೂ ಅಂತಾದರೂ ಓದಿ.

ರೋಗಿ ನಮ್ಮ ಮನೆಯವರು. ವೆಲ್ಡಿಂಗ್ ಶಾಪ್ ಇದೆ, ತಗಡಿನ ಶೆಡ್ಡು. ಏಪ್ರಿಲ್ ತಿಂಗಳಲ್ಲಿ ಆ ಶೆಡ್ಡಿನೊಳಗೆ ಹತ್ತು ನಿಮಿಷ ನಿಂತರೆ ತಲೆ ಸುತ್ತುತ್ತದೆ, ಇವರು ದಿನವಿಡೀ ಅಲ್ಲೇ. ಬೆವರು ಸುರಿಯುತ್ತದೆ, ನೀರು ಕುಡಿಯುವುದು ಕಡಿಮೆ, ಟೀ ಮಾತ್ರ ಲೆಕ್ಕವಿಲ್ಲ. ಬೆವರಿನಲ್ಲಿ ನೀರು ಹೋದಷ್ಟೂ ಮೂತ್ರ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಅದರಲ್ಲಿರುವ ಕ್ಯಾಲ್ಸಿಯಂ, ಆಕ್ಸಲೇಟ್ ಎಲ್ಲ ಹರಳುಗಟ್ಟುತ್ತವೆ. ಯುರಾಲಜಿಸ್ಟ್ "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದವರು, ಉತ್ತರ ಕೇಳಿ "ಸರಿ ಬಿಡಿ" ಅಂತ ನಕ್ಕುಬಿಟ್ಟರು. ಅಡುಗೆಭಟ್ಟರು, ಡ್ರೈವರ್‌ಗಳು, ಗಾರೆ ಕೆಲಸದವರು, ಇವರೇ ತಮ್ಮ ಖಾಯಂ ಗಿರಾಕಿಗಳು ಅಂದರು.

ಮೊದಲು ಕ್ಯಾಶುವಾಲ್ಟಿ ಬಗ್ಗೆ. ಇಲ್ಲಿ ಪೂರ್ತಿ ಮಾರ್ಕು ಕೊಡುತ್ತೇನೆ. ರಾತ್ರಿ ಹೊತ್ತು ಎಡಗಡೆ ಪಕ್ಕೆಯ ಹಿಂದಿನಿಂದ ಶುರುವಾದ ನೋವು ಕೆಳಗೆ ತೊಡೆಯ ಸಂದಿಯವರೆಗೆ ಇಳಿದಿತ್ತು, ಜೊತೆಗೆ ವಾಂತಿ. ಇವರು ಕೂರಲಾರರು, ಮಲಗಲಾರರು, ಸ್ಟ್ರೆಚರ್ ಮೇಲೆ ಹತ್ತಿ ಮತ್ತೆ ಇಳಿಯುತ್ತಿದ್ದರು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ನೋಡಿದ ತಕ್ಷಣ "ಕಲ್ಲಿರಬೇಕು" ಅಂದಳು. ಹೇಗೆ ಅಂತ ಆಮೇಲೆ ಕೇಳಿದೆ. ಹೊಟ್ಟೆಯೊಳಗೆ ಕೀವು, ಸೋಂಕು ಆದವರು ಅಲುಗಾಡದೆ ಮುದುಡಿ ಮಲಗುತ್ತಾರಂತೆ, ಕಲ್ಲಿನವರು ಒಂದು ಕಡೆ ನಿಲ್ಲುವುದೇ ಇಲ್ಲವಂತೆ. ಡೈಕ್ಲೋಫಿನಾಕ್ ಇಂಜೆಕ್ಷನ್ ಕೊಟ್ಟಳು, ಅರ್ಧ ಗಂಟೆಯಲ್ಲಿ ಮನುಷ್ಯ ಮನುಷ್ಯನಾದ.

ಆದರೆ ಇಂಜೆಕ್ಷನ್‌ಗಿಂತ ನನಗೆ ಹಿಡಿಸಿದ್ದು ಅವಳು ಕೇಳಿದ ಪ್ರಶ್ನೆ. "ಜ್ವರ ಬಂತಾ? ಚಳಿ ಬಂದು ನಡುಗಿದರಾ? ಮೂತ್ರ ಪೂರ್ತಿ ನಿಂತಿದೆಯಾ? ಎರಡೂ ಕಿಡ್ನಿ ಇದೆ ಅಂತ ಗೊತ್ತಾ?" ಕೊನೆಯದನ್ನು ಕೇಳಿ ನಮಗೆ ನಗು ಬಂತು. ನಗುವ ವಿಷಯ ಅಲ್ಲ ಅದು. ಹುಟ್ಟಿನಿಂದ ಒಂದೇ ಕಿಡ್ನಿ ಇರುವವರಿದ್ದಾರೆ, ಅವರ ನಾಳಕ್ಕೆ ಕಲ್ಲು ಅಡ್ಡ ಬಂದರೆ ಮುಗಿಯಿತು, ಅವತ್ತೇ ದಾರಿ ಮಾಡಬೇಕು. ಹಾಗೆಯೇ ಜ್ವರ. ಮೂತ್ರ ಮುಂದೆ ಹೋಗದೆ ಮೇಲೆ ಕಟ್ಟಿಕೊಂಡು, ಆ ನಿಂತ ಮೂತ್ರದಲ್ಲಿ ಸೋಂಕು ಸೇರಿಕೊಂಡರೆ ಅದು ರಕ್ತಕ್ಕೆ ಏರುವುದಕ್ಕೆ ಹೆಚ್ಚು ಹೊತ್ತು ಬೇಡ, ಜೀವಕ್ಕೇ ಅಪಾಯ. ಅಂಥವರಿಗೆ ಮೊದಲು ಕಲ್ಲು ಮುಟ್ಟುವುದಿಲ್ಲ. ಕೆಳಗಿನಿಂದ ನಾಳದೊಳಗೆ ಸ್ಟೆಂಟ್ ಅನ್ನುವ ಕೊಳವೆ ಹಾಕಿ, ಇಲ್ಲವೇ ಬೆನ್ನಿನಿಂದ ಕಿಡ್ನಿಗೆ ಒಂದು ಸಣ್ಣ ನಳಿಕೆ ಇಳಿಸಿ ಮೂತ್ರ ಹೊರಗೆ ಬಿಡುತ್ತಾರೆ, ಆ್ಯಂಟಿಬಯೋಟಿಕ್ ಕೊಡುತ್ತಾರೆ, ಸೋಂಕು ಇಳಿದ ಮೇಲೆ ಕಲ್ಲಿನ ಕೆಲಸ. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ ದಯವಿಟ್ಟು.

ಸ್ಕ್ಯಾನಿಂಗ್ ವಿಷಯಕ್ಕೆ ಬರೋಣ. ಬೆಳಿಗ್ಗೆ ಅಲ್ಟ್ರಾಸೌಂಡ್ ಮಾಡಿದರು. ಎಡ ಕಿಡ್ನಿ ಊದಿದೆ, ನಾಳದ ಮೇಲ್ಭಾಗ ಹಿಗ್ಗಿದೆ, ಕಲ್ಲು ಕಾಣಿಸುತ್ತಿಲ್ಲ ಅಂತ ರಿಪೋರ್ಟ್ ಬಂತು. ಮತ್ತೆ ಸಿ.ಟಿ. ಬರೆದರು. ನಾಲ್ಕು ಸಾವಿರದ ಆಸುಪಾಸು. "ಒಂದು ಸ್ಕ್ಯಾನ್ ಆಯ್ತಲ್ಲ, ಸುಮ್ನೆ ಇನ್ನೊಂದು ಯಾಕೆ, ದುಡ್ಡು ಮಾಡೋಕಾ?" ಅಂತ ಮೈದುನ ಗೊಣಗಿದ. ಇಲ್ಲಿ ನಾನು ಆಸ್ಪತ್ರೆಯ ಪರ. ಅಲ್ಟ್ರಾಸೌಂಡಿಗೆ ಕಿಡ್ನಿಯೊಳಗಿನ ಕಲ್ಲು ಚೆನ್ನಾಗಿ ಕಾಣುತ್ತದೆ, ಮೂತ್ರನಾಳದ ನಡುವೆ ಸಿಕ್ಕಿಕೊಂಡಿದ್ದು ಕರುಳಿನ ಗಾಳಿ ಅಡ್ಡ ಬಂದು ತಪ್ಪಿಹೋಗುತ್ತದೆ. ಔಷಧಿ ಚುಚ್ಚದೆ ಮಾಡುವ ಪ್ಲೇನ್ ಸಿ.ಟಿ. ಇದೆಯಲ್ಲ, ಅದು ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟು ಗಟ್ಟಿ ಅನ್ನುವುದನ್ನೆಲ್ಲ ಹೇಳಿಬಿಡುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ ಮಾತ್ರ ರೇಡಿಯೇಷನ್ ಬೇಡ ಅಂತ ಅಲ್ಟ್ರಾಸೌಂಡೇ ಮೊದಲು.

ಯುರಾಲಜಿಸ್ಟ್ ಕಂಪ್ಯೂಟರ್ ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಚಿತ್ರದಲ್ಲಿ ಒಂದು ಬಿಳಿ ಚುಕ್ಕೆ. 8 ಮಿಲಿಮೀಟರ್. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಒಳಗಿನ ಅಗಲ ಮಾತ್ರ 3-4 ಮಿಲಿಮೀಟರ್. ಅದರಲ್ಲೂ ಮೂರು ಕಡೆ ಇನ್ನೂ ಕಿರಿದು: ಕಿಡ್ನಿಯಿಂದ ಹೊರಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ದಾಟುವಲ್ಲಿ, ಮೂತ್ರಚೀಲದ ಗೋಡೆ ಹೊಕ್ಕುವಲ್ಲಿ. ಇವರ ಕಲ್ಲು ಮೂರನೆಯ ಜಾಗದ ಹತ್ತಿರ ಕೂತಿತ್ತು. ಅಷ್ಟು ಕೆಳಗೆ ಬಂದಿದ್ದಕ್ಕೆ ಡಾಕ್ಟರಿಗೆ ಖುಷಿ, ನಮಗೆ ಅಷ್ಟು ಕೆಳಗೆ ಬಂದೂ ಹೊರಗೆ ಬರಲಿಲ್ಲವಲ್ಲ ಅನ್ನುವ ಸಂಕಟ.

5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹುಪಾಲು ತಾನಾಗಿಯೇ ಹೋಗುತ್ತದೆ. 10 ದಾಟಿದ್ದು ಹೋಗುವುದು ಅಪರೂಪ. 8 ಅಂದರೆ ನಡುವೆ, ಹೋದರೂ ಹೋಯಿತು. ಜ್ವರ ಇಲ್ಲ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ರಕ್ತದಲ್ಲಿ ನೋಡುವ ಕ್ರಿಯೇಟಿನಿನ್ ಸ್ವಲ್ಪವೇ ಏರಿದೆ, ಹಾಗಾಗಿ ಎರಡು ವಾರ ನೋಡೋಣ ಅಂದರು. ಇದಕ್ಕೂ ಒಂದು ಸ್ಟಾರ್ ಸೇರಿಸಿ. ಅವತ್ತೇ ಟೇಬಲ್ ಮೇಲೆ ಹತ್ತಿಸಬಹುದಿತ್ತು, ಇನ್ಶೂರೆನ್ಸ್ ಇದೆ ಅಂತ ಅವರಿಗೆ ಗೊತ್ತಿತ್ತು, ಆದರೂ ಹತ್ತಿಸಲಿಲ್ಲ. ಟ್ಯಾಮ್ಸುಲೋಸಿನ್ ಅನ್ನುವ ಮಾತ್ರೆ ಬರೆದರು. ಮೆಡಿಕಲ್ ಶಾಪಿನವನು ಚೀಟಿ ನೋಡಿ "ಇದು ವಯಸ್ಸಾದವರ ಪ್ರಾಸ್ಟೇಟ್ ಮಾತ್ರೆ ಅಲ್ವಾ ಅಕ್ಕ?" ಅಂದ. ಹೌದು, ಅದೇ. ಮೂತ್ರನಾಳದ ಕೆಳಭಾಗದ ಸ್ನಾಯುವನ್ನೂ ಸಡಿಲ ಮಾಡುತ್ತದೆ ಅಂತ ಕಲ್ಲಿಗೂ ಕೊಡುತ್ತಾರೆ. ಎದ್ದು ನಿಂತಾಗ ತಲೆ ತಿರುಗಬಹುದು, ರಾತ್ರಿ ಮಲಗುವಾಗ ತೆಗೆದುಕೊಳ್ಳುವುದು ವಾಸಿ. ಇದು ಪವಾಡದ ಮಾತ್ರೆಯೇನೂ ಅಲ್ಲ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಮಾಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮಾತ್ರೆ ನುಂಗಿದವರಿಗೂ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ನುಂಗಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಆಮೇಲಿನ ಲೆಕ್ಕಾಚಾರಗಳಲ್ಲಿ 5ರಿಂದ 10 ಮಿಲಿಮೀಟರ್ ನಡುವಿನ, ಕೆಳಗಡೆ ಕೂತ ಕಲ್ಲಿಗೆ ಒಂದಿಷ್ಟು ಉಪಯೋಗ ಇದೆ ಅಂತ ಬಂತು. ಇವರದು ಸರಿಯಾಗಿ ಆ ಗುಂಪಿಗೇ ಸೇರಿದ ಕಲ್ಲು.

ಮೂತ್ರ ಸೋಸಿ ನೋಡಿ, ಕಲ್ಲು ಬಿದ್ದರೆ ತನ್ನಿ ಅಂದಿದ್ದರು. ಮನೆಯಲ್ಲಿದ್ದ ಟೀ ಜರಡಿ ಬಚ್ಚಲಿಗೆ ವರ್ಗವಾಯಿತು, ನಾನು ಹೊಸದು ತಂದೆ, ಅತ್ತೆ ಎರಡೂ ಜರಡಿಯ ಹಿಡಿ ಒಂದೇ ಬಣ್ಣ ಅಂತ ಗಲಾಟೆ ಮಾಡಿ ಒಂದಕ್ಕೆ ಕೆಂಪು ದಾರ ಕಟ್ಟಿದರು.

ಈ ಎರಡು ವಾರದಲ್ಲಿ ಬಂದ ಸಲಹೆಗಳನ್ನು ಬರೆದರೆ ಅದೇ ಒಂದು ಪುಸ್ತಕ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು, ಖಾಲಿ ಹೊಟ್ಟೆಗೆ ಕಾಡುಬಸಳೆ ಎಲೆ. ಒಬ್ಬರು ಮಹಾನುಭಾವರು ಬಿಯರ್ ಅಂದರು, ಅದಕ್ಕೆ ಮಾತ್ರ ಇವರ ಕಿವಿ ನಿಮಿರಿತು. ಬಾಳೆದಿಂಡಿನ ಪಲ್ಯ, ಹುರುಳಿ ಸಾರು ನಮ್ಮ ಮನೆಯಲ್ಲಿ ಹೇಗೂ ಮಾಡುತ್ತೇವೆ, ರುಚಿಗೆ ಮಾಡಿ ತಿನ್ನಿ, ಯಾರು ಬೇಡ ಅಂದರು. ಆದರೆ ನಾಳ ಕಟ್ಟಿಕೊಂಡು ಕಿಡ್ನಿ ಊದಿರುವಾಗ ಇವನ್ನೇ ನಂಬಿಕೊಂಡು ತಿಂಗಳುಗಟ್ಟಲೆ ಕೂರುವುದು ಬೇರೆ ಮಾತು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಕುಡಿದ ಯಾವ ರಸಕ್ಕೂ ಕರಗುವುದಿಲ್ಲ. ಔಷಧಿಯಿಂದ ಕರಗುವುದು ಯೂರಿಕ್ ಆ್ಯಸಿಡ್ ಕಲ್ಲು, ಅದೂ ಮೂತ್ರದ ಹುಳಿಯನ್ನು ಇಳಿಸುವ ಸಿಟ್ರೇಟ್ ಕೊಟ್ಟು, ಪರೀಕ್ಷೆ ಮಾಡುತ್ತಾ. ಇನ್ನು ನೋವು ಎದ್ದ ಹೊತ್ತಿನಲ್ಲಿ "ಕುಡಿ, ಕುಡಿ, ಕೊಚ್ಚಿಕೊಂಡು ಹೋಗುತ್ತೆ" ಅಂತ ಬಿಂದಿಗೆಗಟ್ಟಲೆ ನೀರು ಕುಡಿಸುವುದು. ಮುಂದೆ ದಾರಿಯೇ ಇಲ್ಲದ ಕಡೆ ಮೇಲಿನಿಂದ ಒತ್ತಡ ಹಾಕಿದರೆ ನೋವು ಜಾಸ್ತಿಯಾಗುತ್ತದೆ ಅಷ್ಟೆ. ಬಾಯಾರಿದಷ್ಟು ಕುಡಿಯಲಿ ಸಾಕು. ಚೆನ್ನಾಗಿ ನೀರು ಕುಡಿಯಬೇಕಾದ್ದು ಕಲ್ಲು ಹೋದ ಮೇಲೆ, ಮತ್ತೆ ಬಾರದಿರಲಿ ಅಂತ.

ಒಂದು ವಾರದ ನಂತರ ನೋವು ಪೂರ್ತಿ ನಿಂತಿತು. ಮನೆಯಲ್ಲಿ ಎಲ್ಲರೂ ಕಲ್ಲು ಬಿತ್ತು ಅಂತಲೇ ತೀರ್ಮಾನ ಮಾಡಿದರು, ಜರಡಿಯಲ್ಲಿ ಏನೂ ಸಿಕ್ಕಿರಲಿಲ್ಲ. ಡಾಕ್ಟರ್ ಇದನ್ನು ಮೊದಲೇ ಹೇಳಿದ್ದರು: ನೋವು ಹೋಯಿತು ಅಂದರೆ ಕಲ್ಲು ಹೋಯಿತು ಅಂತಲ್ಲ, ಸ್ಕ್ಯಾನ್‌ಗೆ ಬಂದೇ ಬನ್ನಿ. ಕಿಡ್ನಿ ಊದಿ ಊದಿ ಹೊಂದಿಕೊಂಡುಬಿಡುತ್ತದೆ, ನೋವು ಸುಮ್ಮನಾಗುತ್ತದೆ, ಅಡ್ಡಿ ಅಲ್ಲೇ ಇರುತ್ತದೆ. ಹಾಗೆ ವಾರಗಟ್ಟಲೆ ಪೂರ್ತಿ ಕಟ್ಟಿಕೊಂಡೇ ಇದ್ದರೆ ಆ ಕಿಡ್ನಿ ಮತ್ತೆ ಮೊದಲಿನಂತೆ ಆಗುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ನೋವಿಲ್ಲ ಅಂತ ಬಿಟ್ಟು, ವರ್ಷಗಳ ಮೇಲೆ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಒಂದು ಕಿಡ್ನಿ ಕೆಲಸ ನಿಲ್ಲಿಸಿ ಚರ್ಮದ ಚೀಲದಂತೆ ಆಗಿತ್ತು. ಹೇಳಿದ ದಿನ ಹೋದೆವು. ಕಲ್ಲು ಅದೇ ಜಾಗದಲ್ಲಿ ಕೂತಿತ್ತು, ಊತವೂ ಇಳಿದಿರಲಿಲ್ಲ. ಆಪರೇಷನ್ ಅಂತ ಆಯಿತು.

ಯಾವ ಆಪರೇಷನ್ ಅನ್ನುವುದಕ್ಕೆ ನಾವು ಇನ್ನೊಂದು ಕಡೆಯೂ ಕೇಳಿದೆವು. ಅಲ್ಲಿ ಹೊರಗಿನಿಂದಲೇ ಅಲೆಗಳನ್ನು ಬಿಟ್ಟು ಕಲ್ಲು ಪುಡಿ ಮಾಡುವ ಲಿಥೋಟ್ರಿಪ್ಸಿ ಮಾಡೋಣ, ಅಡ್ಮಿಟ್ ಕೂಡ ಬೇಡ ಅಂದರು. ಕೇಳಲು ಚೆನ್ನಾಗಿದೆ. ಈ ಯಂತ್ರದ ಹಿನ್ನೆಲೆಯೂ ಮಜವಾಗಿದೆ: ಮೊದಲ ರೋಗಿಗೆ ಮಾಡಿದ್ದು 1980ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಯಂತ್ರ ಮಾಡಿದ್ದು ಡಾರ್ನಿಯರ್ ಅನ್ನುವ ವಿಮಾನ ಕಂಪನಿ. ನಮ್ಮ ಎಚ್‌ಎಎಲ್‌ನವರು ಡಾರ್ನಿಯರ್ ವಿಮಾನ ತಯಾರಿಸುತ್ತಾರಲ್ಲ, ಮೂಲದಲ್ಲಿ ಅದೇ ಕಂಪನಿ. ಆಗ ರೋಗಿಯನ್ನು ನೀರಿನ ತೊಟ್ಟಿಯೊಳಗೆ ಕೂರಿಸಿ ಅಲೆ ಬಿಡುತ್ತಿದ್ದರು, ಈಗ ಟೇಬಲ್ ಮೇಲೆ ಮಲಗಿಸಿ ಒಂದು ದಿಂಬಿನಂಥದ್ದನ್ನು ಒತ್ತಿ ಇಡುತ್ತಾರೆ. ಕಿಡ್ನಿಯೊಳಗಿನ ಅಥವಾ ನಾಳದ ಮೇಲ್ಭಾಗದ, ತೀರಾ ಗಟ್ಟಿಯಲ್ಲದ ಕಲ್ಲಿಗೆ ಅದು ಒಳ್ಳೆಯದೇ. ಗಟ್ಟಿತನ ಸಿ.ಟಿ. ರಿಪೋರ್ಟಿನಲ್ಲಿ ಎಚ್.ಯು. ಅಂತ ಒಂದು ಸಂಖ್ಯೆಯಲ್ಲಿ ಇರುತ್ತದೆ, 1000 ದಾಟಿದರೆ ಅಲೆಗೆ ಒಡೆಯುವುದು ಕಷ್ಟ. ಇವರದು 1200ರ ಮೇಲಿತ್ತು, ಜಾಗವೂ ತೀರಾ ಕೆಳಗೆ. ಪುಡಿಯಾಗದೆ ಮತ್ತೆ ಮತ್ತೆ ಕೂರಿಸುವುದಕ್ಕಿಂತ ಒಂದೇ ಸಲ ಒಳಗೆ ಹೋಗಿ ಮುಗಿಸುವುದು ಮೇಲು ಅಂತ ನಮ್ಮ ಡಾಕ್ಟರ್ ಅಂದರು. ನನಗೂ ಅದೇ ಸರಿ ಕಂಡಿತು. ಬೆನ್ನಿಗೆ ಸಣ್ಣ ತೂತು ಮಾಡಿ ತೆಗೆಯುವ ಪಿ.ಸಿ.ಎನ್.ಎಲ್. ಕಿಡ್ನಿಯೊಳಗಿನ 2 ಸೆಂಟಿಮೀಟರ್ ದಾಟಿದ ದೊಡ್ಡ ಕಲ್ಲಿಗೆ, ಬಳುಕುವ ಸ್ಕೋಪ್‌ನಲ್ಲಿ ಮಾಡುವ ಆರ್.ಐ.ಆರ್.ಎಸ್. ಕಿಡ್ನಿಯೊಳಗಿನ ಅದಕ್ಕಿಂತ ಚಿಕ್ಕ ಕಲ್ಲಿಗೆ. ಕೆಳಗಿನ ನಾಳದ ಕಲ್ಲಿಗೆ ನಿಮಗೆ ಆರ್.ಐ.ಆರ್.ಎಸ್. ಪ್ಯಾಕೇಜ್ ಹೇಳಿದರೆ ಯಾಕೆ ಅಂತ ಕೇಳಿ, ಅದರ ರೇಟು ಬೇರೆ.

ದುಡ್ಡು. ಲೇಸರ್, ಸ್ಟೆಂಟ್, ಅನಸ್ತೇಶಿಯಾ, ಶೇರಿಂಗ್ ರೂಮು ಎಲ್ಲ ಸೇರಿ 70 ಸಾವಿರದ ಹತ್ತಿರ ಆಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕಿಂತ ಬಹಳ ಜಾಸ್ತಿ ಕೊಟ್ಟವರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ. ಇನ್ಶೂರೆನ್ಸ್ ಇರುವವರು ಒಂದು ವಿಷಯ ನೋಡಿಕೊಳ್ಳಿ: ಹೆಚ್ಚಿನ ಪಾಲಿಸಿಗಳಲ್ಲಿ ಕಿಡ್ನಿ ಕಲ್ಲಿಗೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ನೋವು ಬಂದ ಮೇಲೆ ಪಾಲಿಸಿ ಮಾಡಿಸಿದರೆ ಪ್ರಯೋಜನವಿಲ್ಲ. ನಮ್ಮದು ಆ ಗಡಿ ದಾಟಿತ್ತು, ಬಚಾವಾದೆವು. ಗ್ಲೌಸ್, ಗೌನು, ಡೈಪರ್ ಇಂಥವಕ್ಕೆ ಕಂಪನಿಯವರು ಕೊಡುವುದಿಲ್ಲ, ಅದು ಕೈಯಿಂದ ಹೋಯಿತು. ಡಿಸ್ಚಾರ್ಜ್ ದಿನ ಬೆಳಿಗ್ಗೆ ಹತ್ತಕ್ಕೆ ಹೊರಡಬಹುದು ಅಂದವರು ಒಪ್ಪಿಗೆ ಬಂದಿಲ್ಲ ಅಂತ ಸಂಜೆವರೆಗೆ ಕೂರಿಸಿದರು. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಕ್ಯಾಶ್‌ಲೆಸ್‌ಗೆ ಮೊದಲ ಒಪ್ಪಿಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆಯೊಳಗೆ ಕೊಡಬೇಕು, ತಡವಾದರೆ ಆ ಹೆಚ್ಚಿನ ಖರ್ಚು ಇನ್ಶೂರೆನ್ಸ್ ಕಂಪನಿಯದೇ ಅಂತ ಇದೆ. ಕೌಂಟರಿನಲ್ಲಿ ಇದನ್ನು ಹೇಳಿದೆ. ಆ ಹುಡುಗ "ಮೇಡಂ, ನಾವು ಫೈಲ್ ಕಳಿಸೋದೇ ಲೇಟು" ಅಂತ ಸತ್ಯ ಹೇಳಿಬಿಟ್ಟ. ಬೈಯುವ ಮನಸ್ಸೇ ಬರಲಿಲ್ಲ.

ಇನ್ಶೂರೆನ್ಸ್ ಇಲ್ಲದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಬೆಂಗಳೂರಿಗೆ ಹೋಗಲು ಆಗುವವರಿಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆ, ಸರ್ಕಾರದ್ದೇ, ಕಿಡ್ನಿ ಮತ್ತು ಮೂತ್ರದ ಕಾಯಿಲೆಗೆ ಅಂತಲೇ ಇರುವುದು.

ಆಪರೇಷನ್ ಬಗ್ಗೆ ಬರೆಯಲು ಹೆಚ್ಚಿಲ್ಲ, ಅಷ್ಟು ಚೆನ್ನಾಗಿ ಆಯಿತು. ಬೆನ್ನಿಗೆ ಇಂಜೆಕ್ಷನ್, ಸೊಂಟದ ಕೆಳಗೆ ಮರಗಟ್ಟುತ್ತದೆ. ಎಲ್ಲೂ ಕೊಯ್ಯುವುದಿಲ್ಲ. ಮೂತ್ರದ್ವಾರದಿಂದಲೇ ತೆಳ್ಳನೆಯ ಸ್ಕೋಪ್ ಒಳಗೆ ಬಿಟ್ಟು, ಮೂತ್ರಚೀಲ ದಾಟಿ ನಾಳಕ್ಕೆ ಹೋಗಿ, ಹೋಲ್ಮಿಯಂ ಲೇಸರ್‌ನಿಂದ ಕಲ್ಲು ಒಡೆದು, ಚೂರುಗಳನ್ನು ಎಳೆದು ತೆಗೆಯುತ್ತಾರೆ. ಮುಕ್ಕಾಲು ಗಂಟೆಯಲ್ಲಿ ನರ್ಸ್ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತಂದು ಕೈಗೆ ಕೊಟ್ಟರು. ತಳದಲ್ಲಿ ಕಂದು ಬಣ್ಣದ ನಾಲ್ಕೈದು ಚೂರು, ಒಂದರ ಅಂಚು ಗಾಜಿನ ಹಾಗೆ ಮೊನಚು. ಇಷ್ಟಕ್ಕಾ ಇಷ್ಟೆಲ್ಲ ಅನ್ನಿಸಿತು.

ಈಗ ಆ ಎರಡು ಸ್ಟಾರ್ ವಿಷಯ.

ಆಪರೇಷನ್ ಆದ ಮೇಲೆ ನಾಳ ಒಳಗೆ ಊದಿರುತ್ತದೆ, ಊದಿದಾಗ ಮತ್ತೆ ಕಟ್ಟಿಕೊಳ್ಳಬಾರದು ಅಂತ ಕಿಡ್ನಿಯಿಂದ ಮೂತ್ರಚೀಲದವರೆಗೆ ಒಂದು ಮೆತ್ತನೆಯ ಕೊಳವೆ ಇಡುತ್ತಾರೆ. ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದಂತೆ ಸುರುಳಿ, ಅದಕ್ಕೆ ಡಿ.ಜೆ. ಸ್ಟೆಂಟ್ ಅನ್ನುತ್ತಾರೆ. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ ಸಿಕ್ಕಿಕೊಂಡು ಜಾರದೆ ನಿಲ್ಲುತ್ತದೆ. ಬೇಕಾದ ವಸ್ತು, ಅನುಮಾನವಿಲ್ಲ. ಆದರೆ ಅದು ಒಳಗಿದ್ದಾಗ ಏನೇನಾಗುತ್ತದೆ ಅಂತ ನಮಗೆ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಸಮ್ಮರಿ ಮೂರು ಪುಟ ಇಂಗ್ಲಿಷ್. ಅದರಲ್ಲಿ ಸ್ಟೆಂಟಿನ ಕಂಪನಿ, ಸೈಜು ಎಲ್ಲ ಇದೆ. ಮೂತ್ರದಲ್ಲಿ ರಕ್ತ ಬರಬಹುದು ಅನ್ನುವ ಒಂದು ಸಾಲು ಇಲ್ಲ.

ಬಂತು. ಮನೆಗೆ ಬಂದ ಮೂರ್ನಾಲ್ಕು ದಿನಕ್ಕೆ ಇವರು ಶಾಪಿಗೆ ಹೋಗಿ ಒಂದು ಗೇಟು ಎತ್ತಿ ನಿಲ್ಲಿಸಿದರು, ಸಂಜೆ ಬಚ್ಚಲಿಗೆ ಹೋದವರು ಮುಖ ಬಿಳಿಚಿಕೊಂಡು ಹೊರಗೆ ಬಂದರು. ಮೂತ್ರ ಕೋಕಂ ಪಾನಕದ ಬಣ್ಣ. ಅಷ್ಟೇ ಅಲ್ಲ, ಅರ್ಧ ಗಂಟೆಗೊಮ್ಮೆ ಓಡಬೇಕು, ಬಂತು ಅಂದರೆ ತಡೆಯುವ ಹಾಗಿಲ್ಲ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಮತ್ತೆ ಅದೇ ಹಳೆ ನೋವಿನ ತಮ್ಮನಂಥ ನೋವು. ಕಲ್ಲು ಉಳಿದಿದೆ, ಆಪರೇಷನ್ ಕೆಟ್ಟಿದೆ ಅಂತ ಅತ್ತೆ ಅಳಲು ಶುರು ಮಾಡಿದರು. ಸಮ್ಮರಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಅತ್ತ ಕಡೆ ಇದ್ದವರು "ನಾಳೆ ಒ.ಪಿ.ಡಿ.ಗೆ ಬನ್ನಿ" ಅಂತ ಇಟ್ಟುಬಿಟ್ಟರು. ರಾತ್ರಿಯೆಲ್ಲ ನಿದ್ದೆಯಿಲ್ಲ.

ಮರುದಿನ ಡಾಕ್ಟರ್ ಎರಡೇ ನಿಮಿಷದಲ್ಲಿ ವಿವರಿಸಿದರು. ಸ್ಟೆಂಟಿನ ಕೆಳಗಿನ ಸುರುಳಿ ಮೂತ್ರಚೀಲದ ಗೋಡೆಗೆ ಉಜ್ಜುತ್ತದೆ, ಅದಕ್ಕೆ ಪದೇ ಪದೇ ಅವಸರ. ಭಾರ ಎತ್ತಿದರೆ, ಮೆಟ್ಟಿಲು ಹತ್ತಿದರೆ, ಗಾಡಿಯಲ್ಲಿ ಕುಲುಕಿದರೆ ಸ್ವಲ್ಪ ರಕ್ತ. ಮೂತ್ರಚೀಲ ಹಿಂಡಿಕೊಳ್ಳುವಾಗ ಆ ಕೊಳವೆಯ ಮೂಲಕವೇ ಒಂದಿಷ್ಟು ಮೂತ್ರ ಕಿಡ್ನಿಯ ಕಡೆ ವಾಪಸ್ ಏರುತ್ತದೆ, ಅದಕ್ಕೆ ಪಕ್ಕೆನೋವು. ಎಲ್ಲ ನಿರೀಕ್ಷಿತ. ಅದೇ ಟ್ಯಾಮ್ಸುಲೋಸಿನ್, ಜೊತೆಗೆ ಮೂತ್ರಚೀಲವನ್ನು ಸುಮ್ಮನಿರಿಸುವ ಇನ್ನೊಂದು ಮಾತ್ರೆ ಬರೆದರು, ಅರ್ಧಕ್ಕರ್ಧ ಕಡಿಮೆಯಾಯಿತು. ಅಲ್ಲ, ಎರಡು ನಿಮಿಷದ ಮಾತು. ಇದನ್ನೇ ಡಿಸ್ಚಾರ್ಜ್ ದಿನ ಹೇಳಿದ್ದರೆ? ಆ ದಿನ ಸಂಜೆವರೆಗೆ ಕೂತೇ ಇದ್ದೆವಲ್ಲ, ಟೈಮ್ ಇರಲಿಲ್ಲ ಅಂತ ಹೇಳುವ ಹಾಗೂ ಇಲ್ಲ.

ಇದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಸ್ಟೆಂಟ್ ಯಾವಾಗ ತೆಗೆಸಬೇಕು ಅನ್ನುವುದನ್ನು ಕಾಗದದಲ್ಲಿ ಎದ್ದು ಕಾಣುವ ಹಾಗೆ ಬರೆದಿರಲಿಲ್ಲ. ಕೊನೆ ಪುಟದಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ಫಾಲೋ ಅಪ್ ಅನ್ನುವ ಸಾಲಿನಲ್ಲಿ ಸೇರಿಸಿದ್ದರು. ಇಂಗ್ಲಿಷ್ ಓದಲು ಬಾರದವರು, ಆಪರೇಷನ್ ಆಯಿತು ನೋವು ಹೋಯಿತು ಅಂತ ಊರಿಗೆ ಹೋದವರು, ಒಳಗೆ ಏನೋ ಇದೆ ಅನ್ನುವುದನ್ನೇ ಮರೆಯುತ್ತಾರೆ. ಕೆಲವರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ಮರೆತ ಸ್ಟೆಂಟಿನ ಮೇಲೆ ತಿಂಗಳುಗಳು ಕಳೆದಂತೆ ಹೊಸ ಕಲ್ಲು ಕಟ್ಟಿಕೊಳ್ಳುತ್ತದೆ, ಸೋಂಕಾಗುತ್ತದೆ, ತುಂಡಾಗುವುದೂ ಉಂಟು. ವರ್ಷಗಟ್ಟಲೆ ಬಿಟ್ಟವರಿಗೆ ಅದನ್ನು ತೆಗೆಯಲು ಮೊದಲ ಆಪರೇಷನ್‌ಗಿಂತ ದೊಡ್ಡ ಆಪರೇಷನ್ ಬೇಕಾಗುತ್ತದೆ, ಕಿಡ್ನಿ ಕಳೆದುಕೊಂಡವರೂ ಇದ್ದಾರೆ. ಕಲ್ಲಿನ ಆಪರೇಷನ್‌ಗೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆದುಬಿಡುತ್ತಾರೆ, ಇಟ್ಟುಕೊಳ್ಳಲೇಬೇಕಾದ ಕಾರಣ ಇದ್ದರೂ ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಅನ್ನುತ್ತಾರೆ. ಇಂಥ ವಿಷಯಕ್ಕೆ ಆಸ್ಪತ್ರೆಯಿಂದ ಒಂದು ಫೋನ್ ಬರಬೇಡವಾ? ಗಾಡಿ ಸರ್ವಿಸಿಗೆ ಶೋರೂಮಿನವರು ತಿಂಗಳಿಗೆ ನಾಲ್ಕು ಮೆಸೇಜ್ ಹಾಕುತ್ತಾರೆ.

ನಾನು ಕೇಳುತ್ತಿರುವುದು ಒಂದೇ ಒಂದು ಕಾಗದ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ನಿಮ್ಮ ಒಳಗೆ ಸ್ಟೆಂಟ್ ಇದೆ, ಈ ತಾರೀಖಿಗೆ ತೆಗೆಸಲೇಬೇಕು. ತಿಳಿಗೆಂಪು ಮೂತ್ರ, ಪದೇ ಪದೇ ಅವಸರ, ಪಕ್ಕೆಯಲ್ಲಿ ಎಳೆತ, ಇವಕ್ಕೆ ಹೆದರಬೇಡಿ. ಚಳಿಜ್ವರ ಬಂದರೆ, ರಕ್ತ ಹೆಪ್ಪು ಹೆಪ್ಪಾಗಿ ಬಂದರೆ, ಮೂತ್ರವೇ ನಿಂತರೆ ರಾತ್ರಿಯಾದರೂ ಬನ್ನಿ. ಇಷ್ಟೇ. ಈ ಮಾತನ್ನು ಡಾಕ್ಟರಿಗೂ ಹೇಳಿದೆ. "ಒಳ್ಳೆ ಐಡಿಯಾ, ಮಾಡಿಸೋಣ" ಅಂದರು. ಸ್ಟೆಂಟ್ ತೆಗೆಸಲು ಹೋದಾಗ ನೋಡಿದೆ, ಇನ್ನೂ ಮಾಡಿಸಿರಲಿಲ್ಲ.

ಕಾಗದ ಕೊಡುವುದೇ ಇಲ್ಲ ಅಂತಲ್ಲ, ಡಯಟ್ ಶೀಟ್ ಅಂತ ಒಂದು ಕೊಟ್ಟರು. ಜೆರಾಕ್ಸ್‌ನ ಜೆರಾಕ್ಸ್. ಅದರಲ್ಲಿ ಹಾಲು ಬೇಡ, ಮೊಸರು ಬೇಡ, ಟೊಮೆಟೊ ಬೇಡ, ಬದನೆಕಾಯಿ ಬೇಡ, ಸೊಪ್ಪು ಯಾವುದೂ ಬೇಡ. ಉಳಿದಿದ್ದು ಅನ್ನ ಮತ್ತು ಗಾಳಿ. ಹಾಲು ಬೇಡ ಅನ್ನುವುದು ಹಳೆಯ ಕಾಲದ ಮಾತು. 2002ರಲ್ಲೇ ಇಟಲಿಯವರು ಕಲ್ಲು ಮರುಕಳಿಸುವ ಗಂಡಸರನ್ನು ಐದು ವರ್ಷ ನೋಡಿ, ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ ಕ್ಯಾಲ್ಸಿಯಂ ಮಾಮೂಲಿ ಇಟ್ಟು ಉಪ್ಪು, ಮಾಂಸ ಕಡಿಮೆ ಮಾಡಿದವರಿಗೇ ಕಲ್ಲು ಕಡಿಮೆ ಬಂತು ಅಂತ ತೋರಿಸಿದ್ದಾರೆ. ಊಟದ ಜೊತೆ ತಿಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ, ಮೂತ್ರಕ್ಕೆ ಬರಲು ಬಿಡುವುದಿಲ್ಲ. ಅಂದರೆ ಮಜ್ಜಿಗೆ ಕುಡಿಯಿರಿ. ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆಯೇ. ಜಾಸ್ತಿ ಇರುವುದು ಪಾಲಕ್, ಬೀಟ್‌ರೂಟ್, ಬಾದಾಮಿ, ಗೋಡಂಬಿಯಲ್ಲಿ, ಅದನ್ನು ಮಿತಿಯಲ್ಲಿ ತಿನ್ನಿ. ನಿಜವಾಗಿ ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ. ದಾವಣಗೆರೆಯವರಿಗೆ ಸಂಜೆ ಮಂಡಕ್ಕಿ ಮಿರ್ಚಿ ಬಿಡಿ ಅಂತ ಹೇಳುವ ಧೈರ್ಯ ಆ ಡಯಟ್ ಶೀಟ್ ಬರೆದವರಿಗೂ ಇರಲಿಲ್ಲ ಅನ್ನಿಸುತ್ತದೆ, ಆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ!

ಇನ್ನೊಂದು, ಕಲ್ಲಿನ ಚೂರನ್ನು ಪರೀಕ್ಷೆಗೆ ಕಳಿಸಿ ಅಂತ ನಾವೇ ಕೇಳಬೇಕಾಯಿತು. ಡಬ್ಬಿ ಕೈಗೆ ಕೊಟ್ಟು ಸುಮ್ಮನಾಗಿದ್ದರು, ಮನೆಯಲ್ಲಿ ದೇವರ ಪಕ್ಕ ಇಟ್ಟುಕೊಳ್ಳಲಾ ಅದನ್ನು? ಲ್ಯಾಬಿಗೆ ಕೊಟ್ಟ ಮೇಲೆ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು, ಅತಿ ಸಾಮಾನ್ಯವಾದದ್ದು. ಯೂರಿಕ್ ಆ್ಯಸಿಡ್ ಅಂತಲೋ ಸೋಂಕಿನಿಂದಾದ ಕಲ್ಲು ಅಂತಲೋ ಬಂದಿದ್ದರೆ ಮುಂದಿನ ಔಷಧಿಯೇ ಬೇರೆ ಆಗುತ್ತಿತ್ತು, ಹಾಗಾಗಿ ಚೂರು ಸಿಕ್ಕರೆ ಎಸೆಯಬೇಡಿ. ಈಗ ಶಾಪಿನಲ್ಲಿ ದೊಡ್ಡ ನೀರಿನ ಕ್ಯಾನ್ ಬಂದಿದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡಿಯಬೇಕು, ಬೆವರುವವರಿಗೆ ಅದಕ್ಕೆ ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕ ಬೇಡ, ಮೂತ್ರದ ಬಣ್ಣ ತಿಳಿಯಾಗಿದ್ದರೆ ಸಾಕು. ನಿಂಬೆ ಪಾನಕ ಒಳ್ಳೆಯದು, ಅದರ ಸಿಟ್ರೇಟ್ ಹರಳು ಕಟ್ಟಲು ಬಿಡುವುದಿಲ್ಲ, ಉಪ್ಪು ಹಾಕದೆ.

ಸ್ಟೆಂಟ್ ತೆಗೆದದ್ದು ಐದು ನಿಮಿಷದ ಕೆಲಸ. ಮರಗಟ್ಟುವ ಜೆಲ್ಲಿ ಹಾಕಿ, ಸ್ಕೋಪ್‌ನಿಂದ ಹಿಡಿದು ಎಳೆದರು. ಇವರು "ಹಾ" ಅಂದಿದ್ದು ಹೊರಗೆ ನನಗೆ ಕೇಳಿಸಿತು, ಹೊರಗೆ ಬಂದು ಏನೂ ಆಗಲಿಲ್ಲ ಅಂದರು. ಅವತ್ತು ಸಂಜೆಗೇ ಆ ಅವಸರ, ರಕ್ತ ಎಲ್ಲ ನಿಂತಿತು. ಆದರೆ ಅದಕ್ಕೆ ಬೇರೆ ಬಿಲ್, ಆರು ಸಾವಿರ ಚಿಲ್ಲರೆ. ಪ್ಯಾಕೇಜಿನಲ್ಲಿ ಸೇರಿದೆ ಅಂದುಕೊಂಡು ಹೋಗಿದ್ದೆವು, ಸೇರಿಲ್ಲ ಅಂತ ಕೌಂಟರಿನಲ್ಲೇ ಗೊತ್ತಾಗಿದ್ದು. ಅವತ್ತು ಅಡ್ಮಿಟ್ ಇಲ್ಲದ್ದರಿಂದ ಕ್ಯಾಶ್‌ಲೆಸ್ ಆಗಲಿಲ್ಲ, ಕೈಯಿಂದ ಕಟ್ಟಿ ಈಗ ರಸೀದಿ ಕಳಿಸಿದ್ದೇವೆ, ದುಡ್ಡು ಇನ್ನೂ ಬಂದಿಲ್ಲ. ಎಸ್ಟಿಮೇಟ್ ಕೊಡುವಾಗಲೇ ಸ್ಟೆಂಟ್ ತೆಗೆಯುವ ಚಾರ್ಜು ಒಳಗಾ ಹೊರಗಾ ಅಂತ ಕೇಳಿ, ಅದೇ ಕಾಗದದ ಮೇಲೆ ಬರೆಸಿ ಸೀಲ್ ಹಾಕಿಸಿಕೊಳ್ಳಿ.